ದುಃಖದ ಹಾಡನ್ನು ಕೇಳುವ ಬಗೆ

1980ರ ಜುಲೈನಲ್ಲಿ ಇಂಗ್ಲೆಂಡಿನ ಜಾಯ್ ಡಿವಿಜನ್ ತಂಡದ ಎರಡನೆಯ ಆಲ್ಬಮ್ ‘ಕ್ಲೋಸರ್’ ಹೊರಬಂದಾಗ ಅದರ ಗಾಯಕ ಇಯಾನ್ ಕರ್ಟಿಸ್ ತೀರಿಕೊಂಡು ಎರಡು ತಿಂಗಳಾಗಿತ್ತು. ಅಮೆರಿಕ ಪ್ರವಾಸಕ್ಕೆ ತಂಡ ಹೊರಡುವ ಮುನ್ನಾದಿನ ಅವನು ಆತ್ಮಹತ್ಯೆ ಮಾಡಿಕೊಂಡಿದ್ದ, ವಯಸ್ಸು 23. ಆಲ್ಬಮ್ಮಿನ ಹೊದಿಕೆಯ ಮೇಲೆ ಇಟಲಿಯ ಜಿನೋವಾದ ಗೋರಿಯೊಂದರ ಚಿತ್ರ. ಇಡೀ ಕೃತಿಯನ್ನು ಮರಣಪತ್ರವೆಂದು ಓದಲು ಇಷ್ಟು ಸಾಕಾಯಿತು. ಆದರೆ ಆ ಚಿತ್ರ ಆಯ್ಕೆಯಾದದ್ದು, ಹಾಡುಗಳು ಧ್ವನಿಮುದ್ರಣವಾದದ್ದು ಎರಡೂ ಕರ್ಟಿಸ್ ಬದುಕಿದ್ದಾಗಲೇ.

ಕತ್ತಲ ಕಡೆಗೆ ವಾಲಿದ ರಾಕ್ ಸಂಗೀತದ ವಿಮರ್ಶೆ ಮತ್ತೆ ಮತ್ತೆ ಎಡವುವುದು ಇಲ್ಲೇ. ಹಾಡಿನ ದುಃಖಕ್ಕೆ ಹಾಡಿದವನ ಬದುಕಿನಿಂದ ಸಾಕ್ಷಿ ಕೇಳುತ್ತದೆ. ಸಾಕ್ಷಿ ಸಿಕ್ಕರೆ ಕೈಮುಗಿಯುತ್ತದೆ, ಸಿಗದಿದ್ದರೆ ನಾಟಕವೆನ್ನುತ್ತದೆ. ‘ಕ್ಲೋಸರ್’ನ ಕತ್ತಲು ಕಟ್ಟಿದ ಕತ್ತಲು. ಪೀಟರ್ ಹುಕ್‌ನ ಬೇಸ್ ಗಿಟಾರ್ ತಳದಲ್ಲಿ ಕೂರದೆ ಮೇಲಿನ ಸ್ವರಗಳಲ್ಲಿ ರಾಗ ಎಳೆಯುತ್ತದೆ. ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಡ್ರಮ್ಮಿನ ಸುತ್ತ ಖಾಲಿ ಜಾಗ ಬಿಟ್ಟು, ಪ್ರತಿ ಪೆಟ್ಟೂ ದೂರದ ಕೋಣೆಯೊಂದರಿಂದ ಬಂದಂತೆ ಮಾಡುತ್ತಾನೆ. ಎದೆಯಲ್ಲಿ ಚಳಿ ಹುಟ್ಟಿಸುವುದು ಈ ಕೆಲಸ.

ಹಾಡಿನ ದುಃಖ ಕಟ್ಟಿದ್ದು ಎಂಬ ಈ ಮಾತು ಉತ್ತರ ಕರ್ನಾಟಕದ ಚಿಮ್ಮಡದ ಸುತ್ತಲಿನ ಸೀಮೆಗೆ ಹೊಸದಲ್ಲ. ಜಮಖಂಡಿ, ಮುಧೋಳ, ಬನಹಟ್ಟಿ ಕಡೆ ಮೊಹರಂ ಬಂತೆಂದರೆ ಕನ್ನಡದ ರಿವಾಯತ್ ಪದಗಳು ಏಳುತ್ತವೆ. ವಸ್ತು 680ರ ಕರ್ಬಲಾ ಕಾಳಗ: ನೀರು ಸಿಗದ ಮಕ್ಕಳು, ಒಬ್ಬೊಬ್ಬರಾಗಿ ಬೀಳುವ ಬಂಧುಗಳು, ಕಡೆಗೆ ಹುಸೇನರ ಸಾವು. ಇದಕ್ಕಿಂತ ಕರಾಳವಾದ ಕತೆ ಯಾವ ರಾಕ್ ತಂಡದ ಬಳಿಯೂ ಇಲ್ಲ. ಹಾಡುವ ಮೇಳದಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಇರುತ್ತಾರೆ. ಅವರ ಮನೆಯಲ್ಲಿ ಯಾರು ಸತ್ತಿದ್ದಾರೆಂದು ಕೇಳುಗರು ವಿಚಾರಿಸುವುದಿಲ್ಲ. ಮುಮ್ಮೇಳದವನು ನುಡಿ ಬಿಟ್ಟಾಗ ಹಿಮ್ಮೇಳ ಸರಿಯಾಗಿ ಎತ್ತಿಕೊಂಡಿತೇ, ಧಾಟಿ ಜಾರಿತೇ, ಕತೆ ತಪ್ಪಿತೇ ಎಂದು ಕಿವಿಗೊಡುತ್ತಾರೆ. ಮೇಳಗಳ ನಡುವೆ ಸವಾಲ್-ಜವಾಬ್ ಬಿದ್ದರಂತೂ ಕತೆ ಬಲ್ಲವರೇ ಗೆಲ್ಲಬೇಕು. ಎದೆ ಕಲಕುವುದೂ ತಪ್ಪು ಹಿಡಿಯುವುದೂ ಒಟ್ಟಿಗೆ ನಡೆಯುತ್ತವೆ. ವಿಮರ್ಶೆ ಎಂದರೆ ಇದೇ.

ಈ ಹೋಲಿಕೆಗೊಂದು ಗಟ್ಟಿ ಆಕ್ಷೇಪವಿದೆ. ಮೊಹರಮ್ಮಿನ ದುಃಖಕ್ಕೆ ತಿಥಿಯಿದೆ, ಊರಿದೆ. ಅಲಾಯಿ ಎಂಬ ಬೆಂಕಿಕುಣಿಯ ಸುತ್ತ ನೆರೆದವರು ಕೂಡಿ ಅಳುತ್ತಾರೆ, ಕೂಡಿ ಮನೆಗೆ ಹೋಗುತ್ತಾರೆ. ರಾಕ್ ಆಲ್ಬಮ್ ಕೇಳುವವನು ಬಹಳ ಸಲ ಒಬ್ಬನೇ. ಹಾಗೆ ಒಬ್ಬನೇ ಕೇಳುವವನು ಹಾಡುಗಾರನ ಬದುಕನ್ನು ಜೊತೆಗೆ ಕರೆದುಕೊಳ್ಳುವುದು ಸಹಜ. ಅದನ್ನು ತಪ್ಪೆನ್ನಲಾಗದು. ವಿಮರ್ಶಕ ಮಾತ್ರ ಅಲ್ಲಿಗೇ ನಿಲ್ಲಬಾರದು.

ಹಾಡು ಕಟ್ಟಿದ ಬಗೆಗೆ ಕಿವಿಗೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ರಾಕ್ ಗಾಯಕ ಲೂ ರೀಡ್‌ನ ‘ಬರ್ಲಿನ್’ ಇದೆ. 1973ರಲ್ಲಿ ಬಂದ ಈ ಆಲ್ಬಮ್ ಒಂದು ಜೋಡಿಯ ಪತನದ ಕತೆ. ‘ರೋಲಿಂಗ್ ಸ್ಟೋನ್’ ಪತ್ರಿಕೆ ಅದನ್ನು ಕಟುವಾಗಿ ತಳ್ಳಿಹಾಕಿತು. ಇಷ್ಟೊಂದು ಹತಾಶೆ ಯಾತಕ್ಕೆ ಎಂಬುದೇ ಆಗಿನ ಸಿಟ್ಟು. 2003ರಲ್ಲಿ ಅದೇ ಪತ್ರಿಕೆ ಸಾರ್ವಕಾಲಿಕ 500 ಶ್ರೇಷ್ಠ ಆಲ್ಬಮ್‌ಗಳ ಪಟ್ಟಿಗೆ ಅದನ್ನು ಸೇರಿಸಿತು. ಹಾಡುಗಳು ಅವೇ ಇದ್ದವು.

ಕನ್ನಡಕ್ಕೆ ಈ ಪ್ರಶ್ನೆ ಬೇರೆ ದಾರಿಯಿಂದ ಬಂದಿದೆ. ಶಿಶುನಾಳ ಶರೀಫರು (1819–1889) ತತ್ವಪದಗಳ ಜೊತೆಗೆ ಮೊಹರಂ ಪದಗಳನ್ನೂ ಕಟ್ಟಿದವರು. ಸೋರುವ ಮಾಳಿಗೆಯ ಅವರ ಪದವನ್ನು ರಘು ದೀಕ್ಷಿತ್ ಪ್ರಾಜೆಕ್ಟ್ ಎಂಬ ತಂಡ 2008ರ ತನ್ನ ಮೊದಲ ಆಲ್ಬಮ್ಮಿಗೆ ತೆಗೆದುಕೊಂಡಿತು. ಮಣ್ಣಿನ ಮಾಳಿಗೆಯ ಕೆಳಗೆ ಮಳೆಗಾಲ ಕಳೆದವರಿಗೆ ಆ ಪದದೊಳಗಿನ ಭಯ ಗೊತ್ತು. ಗಿಟಾರು, ಡ್ರಮ್ಮು ಸೇರಿದಾಗ ಆ ಭಯ ಉಳಿಯಿತೇ, ಕುಣಿತದಲ್ಲಿ ಕರಗಿತೇ? ಜಾನಪದವನ್ನು ಯುವಜನರಿಗೆ ತಲುಪಿಸಿದರೆಂಬ ಹೊಗಳಿಕೆಯಾಗಲಿ, ಕೆಡಿಸಿದರೆಂಬ ಬೈಗುಳವಾಗಲಿ ಇದಕ್ಕೆ ಉತ್ತರ ಕೊಡುವುದಿಲ್ಲ. ರಿವಾಯತ್ ಕೇಳುವವರಂತೆ ನುಡಿ ನುಡಿಗೂ ಕಿವಿಗೊಟ್ಟು, ಯಾವ ಪೆಟ್ಟಿನಲ್ಲಿ ಪದ ಬಿಗಿಯಾಯಿತು, ಎಲ್ಲಿ ಸಡಿಲಾಯಿತು ಎಂದು ಬರೆಯುವವರು ಬೇಕು.