ಹಿಡಿಂಬನ ಬೂದಿ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ, ಕುಡತಿನಿಯ ಹತ್ತಿರ ಒಂದು ಬೂದಿಯ ದಿಬ್ಬವಿದೆ. ಬಸ್ಸಿನ ಕಿಟಕಿಯಿಂದ ಕಂಡವರು ಯಾವುದೋ ಕಾರ್ಖಾನೆಯವರು ಸುರಿದು ಹೋದದ್ದು ಅಂದುಕೊಂಡರೆ ಅವರ ತಪ್ಪಲ್ಲ. ಅದೇ ಊರಿನಲ್ಲಿ ಈಗ ಕಲ್ಲಿದ್ದಲು ಉರಿಸಿ ಕರೆಂಟು ಮಾಡುವ ದೊಡ್ಡ ಸ್ಥಾವರವೂ ಇದೆಯಲ್ಲ! ಆದರೆ ಈ ದಿಬ್ಬ ಕರೆಂಟಿಗಿಂತ ಹಳೆಯದು, ಕಬ್ಬಿಣಕ್ಕಿಂತಲೂ ಹಳೆಯದು.

ಸುತ್ತಲಿನ ಜನ ಇದಕ್ಕೊಂದು ಕತೆ ಕಟ್ಟಿಕೊಂಡಿದ್ದರು. ಭೀಮ ಹಿಡಿಂಬಾಸುರನನ್ನು ಕೊಂದು ಸುಟ್ಟನಂತೆ, ಅವನ ಚಿತೆಯ ಬೂದಿಯೇ ಇಷ್ಟೆತ್ತರ ಬಿದ್ದಿದೆಯಂತೆ. ಹಂಪಿ ಮಗ್ಗುಲ ನಿಂಬಾಪುರದಲ್ಲೂ ಇಂಥದೇ ಗುಡ್ಡ. ಕಿಷ್ಕಿಂಧೆಯ ಸೀಮೆಯಾದ್ದರಿಂದ ಅಲ್ಲಿ ಅದು ವಾಲಿಯ ಚಿತೆಯಾಯಿತು. ರಾಕ್ಷಸನೋ ಕಪಿರಾಜನೋ, ಒಂದು ಮಾತು ಮಾತ್ರ ಎರಡೂ ಕಡೆ ನಿಂತಿದೆ: ಇಲ್ಲಿ ಯಾರೋ ಏನನ್ನೋ ಬೇಕೆಂದೇ ಸುಟ್ಟಿದ್ದಾರೆ.

ಈ ಮಟ್ಟಿಗೆ ನಮ್ಮ ಹಳ್ಳಿಯವರ ಊಹೆ 19ನೇ ಶತಮಾನದ ಕೆಲವು ಇಂಗ್ಲಿಷ್ ಅಧಿಕಾರಿಗಳ ಊಹೆಗಿಂತ ಮೇಲು. ಒಬ್ಬರಿಗೆ ಅದು ಜ್ವಾಲಾಮುಖಿಯ ಬೂದಿಯಂತೆ ಕಂಡಿತು, ಇನ್ನೊಬ್ಬರಿಗೆ ಕುಲುಮೆಯ ಕಿಟ್ಟದಂತೆ, ಮತ್ತೊಬ್ಬರಿಗೆ ಬಲಿಕೊಟ್ಟು ಸುಟ್ಟ ಜಾಗದಂತೆ. ಕಿಟ್ಟವೆಂದವರಿಗೆ ಒಂದು ಆಧಾರವಾದರೂ ಇತ್ತು. ದಿಬ್ಬದೊಳಗೆ ಗಾಜಿನಂತೆ ಕರಗಿ ಗಡುಸಾದ ಹೆಂಟೆಗಳು ಸಿಗುತ್ತವೆ. ಅಷ್ಟು ಕಾವು ಕುಲುಮೆಯಲ್ಲಲ್ಲದೆ ಮತ್ತೆಲ್ಲಿ ಹುಟ್ಟೀತು ಎಂಬುದು ಅವರ ಲೆಕ್ಕ.

ಭೂವಿಜ್ಞಾನ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಬಂದು ನೋಡಿ, ಇದು ಸುಟ್ಟ ಸಗಣಿ ಎಂದ. 1863ರಲ್ಲಿ ಮದರಾಸಿನ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಹೆಕ್ಕಿದ ಮನುಷ್ಯ ಅವನೇ. ಆದರೂ ಈ ಮಾತು ಎಲ್ಲರ ಗಂಟಲಲ್ಲಿ ಇಳಿಯಲಿಲ್ಲ. ಕೊನೆಗೆ 1960ರಲ್ಲಿ ಜಾಯ್ನರ್ ಎಂಬ ವಿಜ್ಞಾನಿ ಬೂದಿಯನ್ನು ಪರೀಕ್ಷಿಸಿ ಫೂಟ್ ಹೇಳಿದ್ದೇ ಸರಿ ಎಂದು ತೋರಿಸಿದ. ಹುಲ್ಲಿನ ಮೈಯಲ್ಲಿ ಮರಳಿನ ಅಂಶ, ಅಂದರೆ ಸಿಲಿಕಾ ಇರುತ್ತದೆ. ದನ ಹುಲ್ಲು ಮೇಯುತ್ತದೆ, ಸಿಲಿಕಾ ಸಗಣಿಗೆ ಬರುತ್ತದೆ. ಸಗಣಿಯ ದೊಡ್ಡ ರಾಶಿ ಒಳಗೊಳಗೇ ಕಾವೇರಿ ಉರಿದಾಗ ಅದು ಕರಗಿ ಗಾಜಾಗುತ್ತದೆ. ಕುಲುಮೆಯೂ ಇಲ್ಲ, ಜ್ವಾಲಾಮುಖಿಯೂ ಇಲ್ಲ.

ಇಂಥ ನೂರಕ್ಕೂ ಹೆಚ್ಚು ಬೂದಿಗುಡ್ಡಗಳು ಬಳ್ಳಾರಿ, ರಾಯಚೂರು, ಯಾದಗಿರಿಯ ಕಡೆ ಮತ್ತು ಗಡಿಯಾಚೆ ಆಂಧ್ರ, ತೆಲಂಗಾಣಗಳಲ್ಲಿ ಹರಡಿಕೊಂಡಿವೆ. ಕಾಲ ಸುಮಾರು ಕ್ರಿ.ಪೂ. 3000ದಿಂದ 1200. ಆಗ ಈ ಸೀಮೆಯಲ್ಲಿ ಬರಹವಿಲ್ಲ, ರಾಜನ ಹೆಸರಿಲ್ಲ. ಮಸ್ಕಿಯ ಬಂಡೆಗೆ ಅಶೋಕನ ಹೆಸರು ಬಂದದ್ದು ಇದೆಲ್ಲ ಮುಗಿದು ಹತ್ತಿರಹತ್ತಿರ ಸಾವಿರ ವರ್ಷವಾದ ಮೇಲೆ. ತುರುಗಾಳಗದಲ್ಲಿ ಸತ್ತವನಿಗೆ ನಮ್ಮೂರುಗಳಲ್ಲಿ ವೀರಗಲ್ಲು ನೆಟ್ಟದ್ದು ಇನ್ನೂ ಈಚೆಗೆ. ದನ ಕಾಯುತ್ತಲೇ ಬದುಕಿ ಹಾಸಿಗೆಯಲ್ಲಿ ಸತ್ತವನಿಗಂತೂ ಯಾವ ಕಾಲದಲ್ಲೂ ಕಲ್ಲು ನೆಟ್ಟವರಿಲ್ಲ. ಅವನ ಪಾಲಿಗೆ ಉಳಿದ ದಾಖಲೆಯೆಂದರೆ ಈ ಸಗಣಿಯೇ.

ಅದನ್ನು ಓದುವ ಕೆಲಸಕ್ಕೆ ಕೈಹಾಕಿದವರಲ್ಲಿ ಎಫ್. ಆರ್. ಆಲ್ಚಿನ್ ಮುಖ್ಯ. ಈಗ ತೆಲಂಗಾಣದಲ್ಲಿರುವ ಉತ್ನೂರಿನ ಗುಡ್ಡವನ್ನು 1957ರಲ್ಲಿ ಅವರು ಅಗೆದಾಗ ಸಾಲಾಗಿ ಗೂಟ ನೆಟ್ಟ ಕುಳಿಗಳು ಕಂಡವು. ಅದು ದನದ ದೊಡ್ಡಿಯ ಬೇಲಿ. ದೊಡ್ಡಿಗೆ ಬೆಂಕಿ ಬಿದ್ದಿದೆ, ಮತ್ತೆ ಕಟ್ಟಿದ್ದಾರೆ, ಮತ್ತೆ ಬೆಂಕಿ. ಹೀಗೆ ಒಂದರ ಮೇಲೊಂದು ಪದರ. ಬೇಲಿಯೊಳಗಿನ ನೆಲದಲ್ಲಿ ದನಗಳ ಗೊರಸಿನ ಅಚ್ಚು ಕೂಡ ಇತ್ತು. ಸಾಮ್ರಾಜ್ಯಗಳ ಅರಮನೆಗಳೇ ನೆಲಸಮವಾದ ನಾಡಿನಲ್ಲಿ, ಒಂದು ಸಂಜೆ ಕೆಸರು ತುಳಿದು ದೊಡ್ಡಿಗೆ ನುಗ್ಗಿದ ದನದ ಹೆಜ್ಜೆ ನಾಲ್ಕು ಸಾವಿರ ವರ್ಷ ಅಳಿಯದೆ ಕೂತಿತ್ತು.

ಸಗಣಿ ಅಂದ ಕೂಡಲೆ ಯಾವ ರೈತನಾದರೂ ಕೇಳುವ ಪ್ರಶ್ನೆ ಒಂದೇ: 'ಅಷ್ಟು ಗೊಬ್ಬರ ಯಾಕ್ ಸುಟ್ರು?' ಪಂಡಿತರು ಇಂದಿಗೂ ಜಗಳವಾಡುತ್ತಿರುವುದು ಇದೇ ಪ್ರಶ್ನೆಗೆ. ಬೇಸಾಯ ಇನ್ನೂ ಸಣ್ಣದಿದ್ದು ದನವೇ ಹೆಚ್ಚಿದ್ದರೆ ಗೊಬ್ಬರಕ್ಕೆ ಬೆಲೆಯಿಲ್ಲ; ಉಣ್ಣಿ, ನೊಣ, ರೋಗ ಕಳೆಯಲು ಸುಟ್ಟಿರಬಹುದು. ಆಲ್ಚಿನ್ನರ ಮನಸ್ಸು ಹಬ್ಬದ ಕಡೆ ವಾಲಿತ್ತು. ವರ್ಷದ ಒಂದು ಗೊತ್ತಾದ ಹೊತ್ತಿನಲ್ಲಿ, ಮೇವು ಅರಸಿ ಹೊರಡುವಾಗಲೋ ತಿರುಗಿ ಬರುವಾಗಲೋ, ಬೇಕೆಂದೇ ಹಚ್ಚಿದ ಬೆಂಕಿ ಎಂದು ಅವರ ವಾದ. ಇದಕ್ಕೆ ಅವರು ನಮ್ಮ ಹೋಳಿ, ಸಂಕ್ರಾಂತಿಗಳ ಬೆಂಕಿಯನ್ನು ನೆನೆಯುತ್ತಾರೆ. ಮೈಸೂರು, ಮಂಡ್ಯದ ಕಡೆ ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಿದವರಿಗೆ ಈ ಮಾತು ಕೇಳಿ ಮೈ ಜುಮ್ಮೆನ್ನುತ್ತದೆ. ನನಗೂ ಹಾಗೇ ಆಗಿತ್ತು. ಆದರೆ ಜುಮ್ಮೆಂದದ್ದು ಸಾಕ್ಷಿಯಾಗುವುದಿಲ್ಲ. ನಡುವೆ ಮೂರು ಸಾವಿರ ವರ್ಷದ ಹಳ್ಳ ಬಿದ್ದಿದೆ, ಅದಕ್ಕೆ ಸೇತುವೆ ಕಟ್ಟುವ ಅವಸರ ನಮಗಿದೆಯೇ ಹೊರತು ಮಣ್ಣಿಗಿಲ್ಲ.

ಮುಂದೆ ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ಉತ್ಖನನ ನಡೆಸಿದಾಗ ಚಿತ್ರ ಇನ್ನಷ್ಟು ತುಂಬಿತು. ಬೂದಿಗುಡ್ಡವೆಂದರೆ ಬರೀ ದೊಡ್ಡಿಯಲ್ಲ, ಪಕ್ಕದಲ್ಲೇ ಮನೆಗಳಿದ್ದವು. ದನ ಕಡಿದು ಪಾಲು ಹಾಕಿದ ಅಂಗಳವಿತ್ತು; ಮೂಳೆಗಳ ನಡುವೆಯೇ ಕೊಯ್ಯಲು ಬಳಸಿದ ಕಲ್ಲಿನ ಚಕ್ಕೆಗಳು ಬಿದ್ದಿದ್ದವು. ಎಳೆಗೂಸುಗಳನ್ನು ಮಡಕೆಯಲ್ಲಿಟ್ಟು ಹೂತದ್ದೂ ಸಿಕ್ಕಿತು. ಹಿಂದಿನವರು ದನವನ್ನು ಹೇಗೆ ಕಂಡರು ಎಂದು ಇಂದು ವೇದಿಕೆಯ ಮೇಲೆ ಎದೆ ತಟ್ಟಿ ಹೇಳುವವರು, ಯಾವ ಕಡೆಯವರೇ ಆಗಲಿ, ಆ ಅಂಗಳವನ್ನೂ ಕಪಗಲ್ಲಿನ ಬಂಡೆಗಳನ್ನೂ ಒಟ್ಟಿಗೆ ನೋಡಬೇಕು. ಬಳ್ಳಾರಿಗೆ ಕೂಗಳತೆಯಲ್ಲಿರುವ ಆ ಗುಡ್ಡದ ತುಂಬ ಉದ್ದ ಕೊಂಬಿನ ಎತ್ತು, ಹೋರಿಗಳ ಚಿತ್ರ ಕುಟ್ಟಿದ್ದಾರೆ. ಅದೂ ಸುಲಭಕ್ಕೆ ಹತ್ತಲಾಗದ ಜಾಗಗಳಲ್ಲಿ, ಬಡಿದರೆ ಗಂಟೆಯಂತೆ ದನಿಗೊಡುವ ಬಂಡೆಗಳ ಮಗ್ಗುಲಲ್ಲಿ. ಕೊಯ್ದು ತಿಂದದ್ದೂ ನಿಜ, ಕಲ್ಲಿನಲ್ಲಿ ಕಂಡರಿಸುವಷ್ಟು ಮನಸ್ಸು ಕೊಟ್ಟದ್ದೂ ನಿಜ.

ಊಟದ ಸುದ್ದಿ ಸಿಕ್ಕ ಬಗೆ ನನಗೆ ಎಲ್ಲಕ್ಕಿಂತ ಇಷ್ಟ. ಅಗೆದ ಮಣ್ಣನ್ನು ನೀರಿಗೆ ಸುರಿದು ಕದಡುತ್ತಾರೆ. ಮಣ್ಣು ತಳಕ್ಕೆ, ಒಲೆಯಲ್ಲಿ ಸೀದು ಕರಿಯಾಗಿದ್ದ ಕಾಳು ಮೇಲಕ್ಕೆ. ನಮ್ಮ ಮನೆಗಳಲ್ಲಿ ಅಕ್ಕಿ ತೊಳೆಯುವಾಗ ಜೊಳ್ಳು ತೇಲಿಸಿ ಚೆಲ್ಲುತ್ತಾರಲ್ಲ, ಇವರಿಗೆ ತೇಲಿದ್ದೇ ಬೇಕಾದದ್ದು. ಹಾಗೆ ತೇಲಿ ಬಂದವು ಹುರುಳಿ, ಹೆಸರು, ಕೊರಲೆ. ಇಂದು ಸಿರಿಧಾನ್ಯ ಮೇಳಗಳಲ್ಲಿ ಪೊಟ್ಟಣ ಕಟ್ಟಿ ಮಾರುವ ಅದೇ ಕೊರಲೆ. ತೆಂಕಣ ಭಾರತದವರು ಬೇಸಾಯವನ್ನು ಯಾರಿಂದಲೋ ಕಲಿತುಕೊಂಡವರೆಂದೇ ಭಾವಿಸಿದ್ದ ಪಂಡಿತರು, ಒಂದು ಮುಷ್ಟಿ ಸೀದ ಹುರುಳಿಯ ಮುಂದೆ ಮಾತು ಬದಲಿಸಬೇಕಾಯಿತು. ಗೋಧಿ, ಬಾರ್ಲಿ ಹೊರಗಿನಿಂದ ಬಂದವು, ಅದೂ ತಡವಾಗಿ. ಇಲ್ಲಿಯ ಕಾಳು ಇಲ್ಲಿಯವರೇ ಪಳಗಿಸಿದ್ದು.

ಅದೇ ಕಪಗಲ್ಲು ಮತ್ತು ಅದರ ಮಗ್ಗುಲ ಸಂಗನಕಲ್ಲಿನ ಗುಡ್ಡಗಳಲ್ಲಿ ಕಲ್ಲಿನ ಕೊಡಲಿ ಮಾಡುವ ದೊಡ್ಡ ಕಸುಬೇ ನಡೆದಿತ್ತು. ಅಲ್ಲಿಯ ಹಿರೇಗುಡ್ಡದ ಕರಿಕಲ್ಲನ್ನು ಕೆತ್ತಿ, ಬಂಡೆಗೆ ಉಜ್ಜಿ ನುಣುಪು ಮಾಡುತ್ತಿದ್ದರು. ಉಜ್ಜಿ ಬಿದ್ದ ತೋಡು ಈಗಲೂ ಬಂಡೆಯ ಮೇಲಿದೆ, ಬೆರಳಾಡಿಸಬಹುದು. ಆದರೆ ಈಗಿನ ಕಾಲಕ್ಕೂ ಕಲ್ಲು ಬೇಕು, ಜಲ್ಲಿ ಬೇಕು. ಕ್ವಾರಿಯ ಸಿಡಿಮದ್ದಿಗೆ ಆ ಸುತ್ತಿನ ಎಷ್ಟೋ ಬಂಡೆಗಳು ಹೋಗಿವೆ, ಚಿತ್ರಗಳ ಸಮೇತ.

ಬೂದಿಗುಡ್ಡಗಳ ಪಾಡು ಬೇರೆ ಬಗೆ. ಅವನ್ನು ಕರಗಿಸಿದ್ದರಲ್ಲಿ ಸಿಡಿಮದ್ದಿಗಿಂತ ಹೆಚ್ಚು ಪಾಲು ಚಕ್ಕಡಿಯದು. ಬೂದಿ ಒಳ್ಳೆ ಗೊಬ್ಬರ, ಹೊಲಕ್ಕೆ ಹೊತ್ತು ಹಾಕಿದರು. ರಸ್ತೆ ಮಾಡುವವರು ಒಂದಷ್ಟು ಕಡಿದರು. ಕ್ವಾರಿಯವನ ಮೇಲೆ ಬರುವ ಸಿಟ್ಟು ರೈತನ ಮೇಲೆ ನನಗೆ ಬರುವುದಿಲ್ಲ. ಹಿಡಿಂಬನದೆಂದು ಅಜ್ಜ ಹೇಳಿದ್ದು ಅವನಿಗೆ ಗೊತ್ತು, ಸಗಣಿಯದೆಂದು ಅವನಿಗೆ ಯಾರೂ ಹೇಳಲಿಲ್ಲ. ಅಂತೂ ಆ ದನಗಾಹಿಗಳು ಸುಟ್ಟು ಬಿಟ್ಟುಹೋದ ಗೊಬ್ಬರ, ನಾಲ್ಕು ಸಾವಿರ ವರ್ಷ ತಡವಾಗಿ, ಚಕ್ಕಡಿ ಏರಿ ಜೋಳದ ಹೊಲ ಸೇರಿತು. ಗೊರಸಿನ ಅಚ್ಚು ಯಾವುದಾದರೂ ಅದರಲ್ಲಿ ಇದ್ದಿದ್ದರೆ, ಮೊದಲ ಮಳೆಗೇ ನೆಲಕ್ಕಿಳಿದಿರುತ್ತದೆ.