ಅಬ್ಬ ಎಂಗಾಯ್ತಜ್ಜಿ?

ವಾರದ ನಡುವೆ ಬಂದ ಸಂಕ್ರಾಂತಿಯನ್ನು ಇಲ್ಲಿ ಅಮೆರಿಕದ ನಮ್ಮ ಕನ್ನಡ ಕೂಟದಲ್ಲಿ ಎಂದಿನಂತೆ ಶನಿವಾರಕ್ಕೆ ಎಳೆದುಕೊಂಡು ಮಾಡಿದೆವು. ಎಳ್ಳು ಬೀರಿದ್ದಾಯಿತು, ಸೀರೆ ಪಂಚೆಯಲ್ಲಿ ಫೋಟೊ ತೆಗೆಸಿಕೊಂಡದ್ದಾಯಿತು, ಅಂಗಡಿಯ ಫ್ರೀಜರಿನಿಂದ ತಂದ ಕಬ್ಬಿನ ಚೂರನ್ನು ಮಕ್ಕಳು ಬಾಯಿಗಿಟ್ಟು ಮೆಲ್ಲಗೆ ಟಿಶ್ಯೂ ಕಾಗದಕ್ಕೆ ಉಗಿದದ್ದೂ ಆಯಿತು. ಮಂಡ್ಯದವನ ಕಣ್ಣೆದುರಿಗೇ ಕಬ್ಬಿಗೆ ಬಂದ ಗತಿ! ಮನೆಗೆ ಬಂದು ಫೋನು ತೆಗೆದರೆ ಮಳವಳ್ಳಿ ಕಡೆಯ ನಮ್ಮ ನೆಂಟರ ವಾಟ್ಸ್‌ಆ್ಯಪ್ ಗ್ರೂಪಿನಲ್ಲೂ ಕಬ್ಬೇ. ಮಿಣಮಿಣ ಹೊಳೆಯುವ ಕಬ್ಬು, ಗಿರಗಿರ ತಿರುಗುವ ಗಾಳಿಪಟ, ನಗುವ ಸೂರ್ಯ. ಚಿಕ್ಕಪ್ಪ ಕಳಿಸಿದ್ದನ್ನೇ ಭಾವ ಕಳಿಸಿದ್ದರು, ಭಾವ ಕಳಿಸಿದ್ದನ್ನೇ ಮದ್ದೂರಿನ ಬೀಗರು ಕಳಿಸಿದ್ದರು. ಇವುಗಳ ನಡುವೆ ಸಿಕ್ಕಿಕೊಂಡಂತೆ ನಮ್ಮವ್ವನದೊಂದು ವಾಯ್ಸ್ ಮೆಸೇಜು.

"ಕೂಸೇ, ಅಬ್ಬ ಮಾಡುದ್ರಾ? ನಮ್ ಕೆಂದೋರಿ ಈ ಸತಿ ಕಿಚ್ಚಾಯ್ಲಿಲ್ಲ ಕನವ್ವ. ಬೆಂಕಿ ಕಂಡು ಎದ್ರುಕೊಂಡು, ಇಡ್ಕೊಂಡಿದ್ದೋರ್ನೂ ಎಳ್ಕೊಂಡು ಅಟ್ಟಿಗೇ ಓಡ್ಬಂತು."

ಕೂಸು ಅಂದರೆ ನನ್ನ ಮಗಳು, ಒಂಬತ್ತನೇ ಕ್ಲಾಸು. ಬಿದ್ದು ಬಿದ್ದು ನಕ್ಕಳು. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಉತ್ತರ ರೆಕಾರ್ಡ್ ಮಾಡಿಕೊಂಡು ಬಂದಳು. ಒಂದಲ್ಲ, ಎರಡು. ಮೊದಲನೆಯದು: "ಅಜ್ಜಿ, ಅಬ್ಬ ಎಂಗಾಯ್ತಜ್ಜಿ? ಓರಿಗೆ ಏನೂ ಆಗ್ಲಿಲ್ವಾ?" ಎರಡನೆಯದು: "ಅಜ್ಜಿ, ಹಬ್ಬ ಹೇಗಾಯಿತು? ಹೋರಿಗೆ ಏನೂ ಆಗಲಿಲ್ಲವೇ?" ಒಂದು ಅಜ್ಜಿಯಿಂದ ಬಂದದ್ದು, ಇನ್ನೊಂದು ನಮ್ಮ ಕೂಟದ ಭಾನುವಾರದ ಕನ್ನಡ ತರಗತಿಯಿಂದ.

"ಅಪ್ಪಾ, ಯಾವುದು ಕಳಿಸಿದ್ರೆ ನಗಲ್ಲ?"

ಹದಿಹರೆಯದವಳ ಲೆಕ್ಕಾಚಾರ ಕೇಳಬೇಕು ನೀವು. ಮೊದಲನೆಯದನ್ನು ಗ್ರೂಪಿಗೆ ಹಾಕಿದರೆ ಬೆಂಗಳೂರಿನ ಅಣ್ಣ ಅಕ್ಕಂದಿರು, ಇವಳು ಅಜ್ಜಿಯನ್ನು ಅಣಕಿಸುತ್ತಿದ್ದಾಳೆ ಅಂದುಕೊಳ್ಳಬಹುದು. ಇಲ್ಲವೇ ಅಮೆರಿಕದ ಹುಡುಗಿ ಹಳ್ಳಿ ಹುಡುಗಿಯ ಪಾರ್ಟು ಮಾಡುತ್ತಿದ್ದಾಳೆ ಎಂದು ಸ್ಟೇಟಸ್ಸಿಗೆ ಹಾಕಿ ನಗಬಹುದು. ಎರಡನೆಯದನ್ನು ಹಾಕಿದರೆ ಅವರ್‍ಯಾರೂ ನಗುವುದಿಲ್ಲ, ಆದರೆ ಅಜ್ಜಿಗೆ ಯಾರೋ ಟೀಚರಮ್ಮ ಮಾತಾಡಿದ ಹಾಗೆ ಇರುತ್ತದೆ. "ಅದೂ ಎಂಬರಾಸಿಂಗೇ ಅಲ್ವಾ?" ಎಂದಳು. ನಾನು ಬಾಯಿ ಬಿಡಲಿಲ್ಲ. ಇಷ್ಟು ಯೋಚನೆ ಮಾಡಿ ಮೆಸೇಜು ಕಳಿಸುವವರು ನಮ್ಮ ವಂಶದಲ್ಲಿ ಇದುವರೆಗೆ ಹುಟ್ಟಿರಲಿಲ್ಲ.

ಈ 'ಹ'ಕಾರದ ಹೆದರಿಕೆ ಮಾತ್ರ ನಮಗೆ ಹಳೆಯದು. ಮಂಡ್ಯ, ಮದ್ದೂರು, ಮಳವಳ್ಳಿಯಿಂದ ಮೈಸೂರಿನ ಹಾಸ್ಟೆಲಿಗೆ ಬಂದು ಬಿದ್ದ ಹುಡುಗರಿಗೆಲ್ಲ ಮೊದಲ ವರ್ಷ ಅದೇ ಪಾಠ. ಗೆಳೆಯನೊಬ್ಬ ಜಾಗ್ರತೆ ಹೆಚ್ಚಾಗಿ ಅಕ್ಕಿರೊಟ್ಟಿಯನ್ನು ಹಕ್ಕಿರೊಟ್ಟಿ ಮಾಡಿ, ಮೂರು ವರ್ಷವೂ ಹಕ್ಕಿ ಎಂದೇ ಕರೆಸಿಕೊಂಡ. ನಕ್ಕವರ ಹೆಸರೆಲ್ಲ ಅವನಿಗೆ ಗೊತ್ತಿತ್ತು. ಅವರ ಜೊತೆಯೇ ಊಟಕ್ಕೆ ಕೂರುತ್ತಿದ್ದ, ಅವರಿಗೂ ಒಂದೊಂದು ಅಡ್ಡಹೆಸರಿಟ್ಟು ತೀರಿಸಿಕೊಂಡ. ನನ್ನ ಮಗಳು ಹೆದರುವುದು ಹೆಸರಿಲ್ಲದವರಿಗೆ. ಅವರಿಗೆ ಅಡ್ಡಹೆಸರಿಡಲೂ ಬರುವಂತಿಲ್ಲ.

ಅವಳ ಹೆದರಿಕೆ ಅತಿಯಾಯಿತು ಎನ್ನೋಣವೆಂದರೆ ನಮ್ಮ ಜಿಲ್ಲೆಯೇ ಎದುರು ಸಾಕ್ಷಿ ನಿಲ್ಲುತ್ತದೆ. 2016ರಲ್ಲಿ 'ಜಾಗ್ವಾರ್' ಚಿತ್ರದ ಸಮಾರಂಭದ ವೇದಿಕೆಯಲ್ಲಿ ಕುಮಾರಸ್ವಾಮಿಯವರು ಮಗನನ್ನು "ನಿಖಿಲ್ ಎಲ್ಲಿದ್ದೀಯಪ್ಪಾ" ಎಂದು ಕರೆದರು. ಅದು ಅಲ್ಲಿ ನೆರೆದಿದ್ದವರಿಗಾಗಿ ಆಡಿದ ಮಾತು. 2019ರಲ್ಲಿ ಮಗ ಮಂಡ್ಯದಿಂದ ಲೋಕಸಭೆಗೆ ನಿಂತಾಗ ಯಾರೋ ಆ ತುಣುಕನ್ನು ಎಳೆದು ತಂದರು. ಆಮೇಲೆ ಮದುವೆ ಮನೆಯಲ್ಲಿ, ಕ್ರಿಕೆಟ್ ಮೈದಾನದಲ್ಲಿ, ನಮ್ಮ ಕೂಟದ ಯುಗಾದಿ ಊಟದ ಸಾಲಿನಲ್ಲೂ ಅದೇ ಕೂಗು. ಚುನಾವಣೆಯಲ್ಲಿ ಸುಮಲತಾ ಅಂಬರೀಷ್ ಗೆದ್ದರು, ಅದಕ್ಕೆ ಬೇರೆ ಕಾರಣಗಳು ಬೇಕಾದಷ್ಟಿದ್ದವು. ರಾಜಕೀಯ ಬದಿಗಿಡಿ. ಅಪ್ಪನೊಬ್ಬ ಮಗನನ್ನು 'ಅಪ್ಪಾ' ಎಂದು ಕರೆಯುವುದರಲ್ಲಿ ನಗುವಂಥದ್ದೇನೂ ಇಲ್ಲ, ನಮ್ಮ ಕಡೆ ದಿನಾ ಕರೆಯುತ್ತೇವೆ. ಆದರೂ ಮೂರು ವರ್ಷ ತಡವಾಗಿ ಬೇರೆ ಜನರ ಕಿವಿಗೆ ಬಿದ್ದಾಗ ಅದು ನಗೆಪಾಟಲಾಯಿತು. ಇಂಥದ್ದನ್ನು ಮೊದಲೇ ಅಳೆಯಲು ಯಾವ ತಕ್ಕಡಿ ಇದೆ?

ನಮ್ಮವರದೇ ಇನ್ನೊಂದು ಪ್ರಸಂಗ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಅಮೆರಿಕದಲ್ಲಿ ಕಾನೂನು ಓದಿದವರು, ಮಾತು ಉಡುಪು ಎರಡರಲ್ಲೂ ಒಂದು ಮಡಿಕೆ ಕೆಡದವರು. 2011ರ ಫೆಬ್ರವರಿಯಲ್ಲಿ ವಿದೇಶಾಂಗ ಸಚಿವರಾಗಿ ನ್ಯೂಯಾರ್ಕಿನ ಭದ್ರತಾ ಮಂಡಳಿಯಲ್ಲಿ ಭಾಷಣ ಶುರುಮಾಡಿದರು. ಕೆಲವು ನಿಮಿಷ ಓದಿದ ಮೇಲೆ ಗೊತ್ತಾಯಿತು, ಅದು ಪೋರ್ಚುಗಲ್ಲಿನ ಸಚಿವರ ಭಾಷಣದ ಪ್ರತಿ. ಭಾರತದ ರಾಯಭಾರಿ ಹರದೀಪ್ ಸಿಂಗ್ ಪುರಿ ಮಧ್ಯೆ ಬಂದು ಸರಿಯಾದ ಕಾಗದ ತೋರಿಸಿದರು. ಎದುರಿಗೆ ಅಷ್ಟೊಂದು ಕಾಗದ ಹರಡಿದ್ದವು, ಕೈತಪ್ಪಾಯಿತು ಎಂದು ಕೃಷ್ಣ ಹೇಳಿ ಮುಗಿಸಿದರು. ಆ ಹೊತ್ತಿಗೆ ದೃಶ್ಯ ಲೋಕವೆಲ್ಲ ಸುತ್ತಿತ್ತು. ಎಲ್ಲರೂ ನಕ್ಕದ್ದು ಅವರ ತಪ್ಪಿಗೆ. ನನಗೆ ಬೆರಗು ಬೇರೆ ಕಡೆ: ಆರಂಭದಲ್ಲಿದ್ದ ಅಭಿವೃದ್ಧಿ, ಭದ್ರತೆಯ ಮಾತುಗಳನ್ನು ಯಾವ ದೇಶದವರು ಓದಿದರೂ ಒಪ್ಪುತ್ತಿತ್ತು. ಪೋರ್ಚುಗೀಸ್ ಮಾತಾಡುವ ಎರಡು ದೇಶಗಳು ಅಲ್ಲಿ ಕೂತಿರುವ ಸಂತೋಷದ ಸಾಲು ಬಂದಾಗಲೇ ಗುಟ್ಟು ರಟ್ಟಾದದ್ದು.

ನಮ್ಮ ಗ್ರೂಪಿನ ಮಿಣಮಿಣ ಕಬ್ಬೂ ಇದೇ ಜಾತಿಯದು. ಯಾರಿಂದ ಯಾರಿಗೆ ಬೇಕಾದರೂ ಸಲ್ಲುತ್ತದೆ, ಕಳಿಸಿದವರ ಮಾನಕ್ಕೆ ಕುಂದಿಲ್ಲ. ಅವ್ವನ ಕೆಂದೋರಿ ಹಾಗಲ್ಲ. ಅದು ಒಂದು ಹಟ್ಟಿಯದು, ಒಂದು ಸಂಜೆ ಹೆದರಿ ಓಡಿಬಂದದ್ದು. ಅದನ್ನು ಹೇಳುವಾಗ ಅವ್ವ ತಾನು ಹೇಗೆ ಕೇಳಿಸುತ್ತೇನೆಂದು ಯೋಚಿಸಿರಲಿಕ್ಕಿಲ್ಲ. ದೊಡ್ಡರಸಿನಕೆರೆಯ ಅಂಬರೀಷ್ ವೇದಿಕೆ ಹತ್ತಿ ಒರಟಾಗಿ ಗದರಿದರೂ ಜನ ಶಿಳ್ಳೆ ಹೊಡೆಯುತ್ತಿದ್ದರು. ಬೆಸಗರಹಳ್ಳಿಯ ಡಾಕ್ಟರು ರಾಮಣ್ಣ ಈ ಸೀಮೆಯ ಜನರನ್ನು ಅವರದೇ ಮಾತಿನೊಡನೆ ಕಥೆಗಳಲ್ಲಿ ಅಚ್ಚು ಹಾಕಿಸಿದರು. ಇವರಿಗೆಲ್ಲ ನಾಚಿಕೆ ಇರಲಿಲ್ಲವೆಂದಲ್ಲ. ಯಾರ ಮುಂದೆ ನಾಚಬೇಕೆಂದು ಗೊತ್ತಿತ್ತೇನೋ. ನಮ್ಮವ್ವನನ್ನೇ ನೋಡಿ, ಸಂತೆಗೆ ಹೋಗುವಾಗ ಸೆರಗು ಸರಿಮಾಡಿಕೊಳ್ಳುವಷ್ಟು 'ನಾಕು ಜನ'ರ ಭಯ ಅವಳಿಗೂ ಉಂಟು.

ಮಗಳು ಕೊನೆಗೆ ಮೊದಲನೆಯದನ್ನೇ ಕಳಿಸಿದಳು, ಗ್ರೂಪಿಗಲ್ಲ, ಅಜ್ಜಿಯ ನಂಬರಿಗೆ. ಒಳ್ಳೆಯ ತೀರ್ಮಾನ ಎಂದುಕೊಂಡೆ. ಆದರೆ ಅಜ್ಜಿಗೆ ಖಾಸಗಿ ಎನ್ನುವುದೇ ಇಲ್ಲವಲ್ಲ! ಜಗಲಿಯ ಮೇಲೆ ಕೂತು ಸ್ಪೀಕರಿಗೆ ಹಾಕಿ ಎದುರುಮನೆಯವರಿಗೆ, ಹಾಲಿನ ಡೇರಿಗೆ ಹೊರಟವರಿಗೆಲ್ಲ ಕೇಳಿಸಿದ್ದಾಳೆ. ವಿಡಿಯೊ ಕಾಲಿನಲ್ಲಿ ಅದನ್ನು ಕೇಳಿ ಮಗಳ ಮುಖ ಕೆಂಪೇರಿತು.

"ನಕ್ಕಿದ್ರಾ ಅಜ್ಜಿ?"

"ನಗ್ದೆ ಇದ್ದಾರಾ ಕೂಸೇ! ಬಲೇ ನಕ್ರು ಕನವ್ವ. ಇನ್ನೊಂದ್ಸತಿ ಆಕು ಅಂದ್ರು."

ಆ ನಗು ಎಂಥದೆಂದು ಅವಳಿಗೆ ಅರ್ಥವಾಯಿತೇ? ಗೊತ್ತಿಲ್ಲ. ಗ್ರೂಪಿಗೆ ಮಾತ್ರ ಅವಳು ಇವತ್ತಿನವರೆಗೂ ಒಂದು ಮಾತು ಹಾಕಿಲ್ಲ, ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತಾಳೆ. ಎಚ್ಚರದ ಹುಡುಗಿ ಎಂದು ಹೆಮ್ಮೆ. ಈ ಎಚ್ಚರದಲ್ಲೇ ಕನ್ನಡ ಬಾಯಿಗೆ ಬರುವುದು ನಿಂತುಹೋದರೆ ಎಂಬ ಚಿಂತೆಯೂ ಅದರ ಬೆನ್ನಿಗೇ ಇದೆ. ನಾವೂ ಭಾನುವಾರದ ತರಗತಿಯಲ್ಲಿ 'ಹ' ತಪ್ಪಿದ ಮಗುವನ್ನು ಎಲ್ಲರೆದುರು ತಿದ್ದುವ ಮೊದಲು ಅದು ಯಾವ ಅಜ್ಜಿಯಿಂದ ಕಲಿತದ್ದು ಎಂದು ವಿಚಾರಿಸಬೇಡವೇ? ಅಕ್ಷರ ಕಲಿಸುವಾಗ ತಿದ್ದದೆಯೂ ಆಗದು, ಒಪ್ಪುತ್ತೇನೆ.

ಬರುವ ರಾಜ್ಯೋತ್ಸವಕ್ಕೆ ಮಕ್ಕಳಿಂದ ಅವರವರ ಊರಿನ ಕನ್ನಡದಲ್ಲಿ ನಾಲ್ಕು ಮಾತು ಆಡಿಸೋಣವೆಂದು ಕಮಿಟಿಯಲ್ಲಿ ಹೇಳಿದೆ. ಧಾರವಾಡದವರೂ ಕುಂದಾಪುರದವರೂ ಅಲ್ಲೇ ಹೆಸರು ಬರೆಸಿದರು. ಯೂಟ್ಯೂಬಿನಲ್ಲಿ ಲೈವ್ ಹಾಕಬೇಕೋ ಬೇಡವೋ ಎಂಬಲ್ಲಿ ಚರ್ಚೆ ನಿಂತಿದೆ. ಹಾಕದಿದ್ದರೆ ಊರಿನ ಅಜ್ಜಿಯರು ನೋಡುವುದು ಹೇಗೆ? ಹಾಕಿದರೆ ಯಾವ ಮಗುವಿನ ಯಾವ ಮಾತನ್ನು ಯಾರು ಯಾವಾಗ ತುಂಡರಿಸಿಕೊಂಡಾರು? ಮಗಳನ್ನು ಕೇಳಿದೆ. "ಹಾಕಿ, ಆದ್ರೆ ಕಾಮೆಂಟ್ ಆಫ್ ಮಾಡಿ" ಎಂದಳು. ಹಾಗೆ ಮಾಡಿದರೆ ಮಳವಳ್ಳಿಯಲ್ಲಿ ಕೂತು ಪ್ರತಿ ಮಗುವಿನ ಹಾಡಿಗೂ 'ಸೂಪರ್ ಮಗಳೆ' ಎಂದು ಬರೆಯುವ ನಮ್ಮ ದೊಡ್ಡಪ್ಪನಿಗೆ ಏನು ಹೇಳುವುದೆಂದು ತಿಳಿಯುತ್ತಿಲ್ಲ. ಸದಸ್ಯರು ತಮ್ಮ ಅಭಿಪ್ರಾಯವನ್ನು ಕಾರ್ಯದರ್ಶಿಗಳಿಗೆ ತಿಳಿಸಬೇಕು. ಬರೆದು ಕಳಿಸಿದರೂ ಸರಿ, ವಾಯ್ಸ್ ಮೆಸೇಜಾದರೂ ಸರಿ.