ಯಾಯೀರನ ಮಗಳ ಊಟ

ಮಾರ್ಕನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯಾಯೀರನ 12 ವರುಷದ ಮಗಳು ಮರಣದಿಂದೆದ್ದ ಸಂಗತಿಯನ್ನು ನಾವು ಅನೇಕಾವರ್ತಿ ಕೇಳಿದ್ದೇವೆ. ಮನೆಯವರೆಲ್ಲರೂ ಬೆರಗಾಗಿ ನಿಂತಿರಲು, ಆಕೆಗೆ ಉಣ್ಣಲಿಕ್ಕೆ ಕೊಡಬೇಕೆಂಬದನ್ನು ನೆನಪುಮಾಡಿದವನು ಕರ್ತನೊಬ್ಬನೇ. ಆ ಮಾತನ್ನು ನಾವು ಓದಿ ದಾಟಿಬಿಡುತ್ತೇವೆ.

ನೀಲಗುಂದದ ಒಂದು ಮನೆಯಲ್ಲಿ ಅದು ನಮ್ಮ ಮನಸ್ಸಿಗೆ ನಾಟಿತು. ಅಲ್ಲಿಯ ಬಾಲಕನು ಮೆದುಳುಜ್ವರದಿಂದ ಬದುಕಿ ಉಳಿದನು. ಆದರೆ ನುಂಗುವ ಶಕ್ತಿಯು ಕುಂದಿತ್ತು. ಅಜ್ಜಿಯು ಅವನನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡು, ಮೂಗು ಹಿಡಿದು, ಒಳಲೆಯಿಂದ ಗಂಜಿ ಹೊಯ್ಯುತ್ತಿದ್ದಳು. ಹುಡುಗನು ಕೆಮ್ಮಿ ಕೆಮ್ಮಿ ಅವನ ಮುಖವು ಕಪ್ಪಿಟ್ಟಿತು. ನಾವಾದರೋ, "ಅವ್ವಾ, ಹಟಮಾಡುತ್ತಾನೆ, ಬಿಡದೆ ಕುಡಿಸಿರಿ" ಅಂದೆವು. ಆ ವಾರವೇ ಅವನನ್ನು ಉಬ್ಬಸದಿಂದ ಆಸ್ಪತ್ರೆಗೆ ಒಯ್ಯಬೇಕಾಯಿತು. ನಮ್ಮ ಅಜ್ಞಾನವನ್ನು ಮರೆಮಾಡದೆ ಬರೆಯುತ್ತೇವೆ.

ಅವನು ಹಟಮಾಡಿರಲಿಲ್ಲ. ನುಂಗುವಾಗ ಮೆದುಳು ತುಟಿ, ನಾಲಿಗೆ, ಗಂಟಲುಗಳ ಅನೇಕ ಸ್ನಾಯುಗಳನ್ನು ಒಂದರ ಹಿಂದೊಂದು ನಡಿಸಿ, ಕ್ಷಣಮಾತ್ರ ಶ್ವಾಸನಾಳವನ್ನು ಮುಚ್ಚುತ್ತದೆ. ಮೆದುಳು ನೊಂದರೆ ಈ ಕ್ರಮವು ತಪ್ಪಿ ಅನ್ನವು ಶ್ವಾಸಕೋಶಕ್ಕೆ ಇಳಿಯುವದುಂಟು. ಅದರಿಂದ ನ್ಯುಮೋನಿಯ ಬರುವದು. ಕೆಲವು ಮಕ್ಕಳು ಕೆಮ್ಮುವದೂ ಇಲ್ಲ. ಉಂಡ ಮೇಲೆ ದನಿಯು ಗೊರಗೊರ ಎಂದರೆ, ಪದೇ ಪದೇ ಜ್ವರ ಬಂದರೆ, ಸುಮ್ಮನಿರಬಾರದು.

ಆದಕಾರಣ ಕೂಸನ್ನು ನೆಟ್ಟಗೆ ಕೂಡ್ರಿಸಿರಿ. ತಲೆಯು ಹಿಂದಕ್ಕೆ ಬಾಗದಿರಲಿ. ಚಿಕ್ಕ ಚಮಚದಿಂದ ಕೊಡಿರಿ. ಒಂದು ತುತ್ತನ್ನು ನುಂಗಿದ್ದನ್ನು ಕಂಡ ಮೇಲೆಯೇ ಮತ್ತೊಂದು. ನೀರು ಬೇಗನೆ ಹರಿಯುವದರಿಂದ ಇಂಥವರಲ್ಲಿ ಅನೇಕರಿಗೆ ಗಟ್ಟಿ ಗಂಜಿಗಿಂತ ಅದೇ ಹೆಚ್ಚು ಅಪಾಯ. ಗಂಜಿ ಎಷ್ಟು ಗಟ್ಟಿಯಿರಬೇಕೆಂಬದನ್ನು ಬಲ್ಲವರು ಕೂಸನ್ನು ನೋಡಿಯೇ ಹೇಳಬೇಕು. ಒಣರೊಟ್ಟಿ, ಮಂಡಕ್ಕಿ ಬೇಡ. ಬಾಯಿಯನ್ನು ಒರಸಿ ಶುಚಿಮಾಡಿ, ಅರ್ಧ ತಾಸಿನ ವರೆಗೆ ಮಲಗಿಸದಿರ್ರಿ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ತೊಂದರೆಯಷ್ಟೇ ಅಲ್ಲ, ನುಂಗುವ ತೊಂದರೆಯನ್ನೂ ಪರೀಕ್ಷಿಸುತ್ತಾರೆ. ಮೈಸೂರು ನಮಗೆ ದೂರವೇ ಸರಿ. ಮೊದಲು ಹರಪನಹಳ್ಳಿಯ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ ಕೇಳಿರಿ. ಮೂಗಿನೊಳಗಿಂದ ನಳಿಗೆಯಿಟ್ಟು ಉಣಿಸಬೇಕೆಂದು ವೈದ್ಯರು ಹೇಳಿದರೆ, ಅದು ಶಾಪವಲ್ಲ, ತಾಯಿಯ ಸೋಲೂ ಅಲ್ಲ.

ಆ ಮನೆಯಲ್ಲಿ ಈಗ ಒಂದೊಂದು ಊಟಕ್ಕೆ ಮುಕ್ಕಾಲು ತಾಸು ಹಿಡಿಯುತ್ತದೆ. ತಾಯಿಯು ಆರಾಧನೆಗೆ ಬರುವದಿಲ್ಲವೆಂದು ಸಭೆಯಲ್ಲಿ ಗೊಣಗುವವರುಂಟು. ಅವರು ಒಮ್ಮೆ ಹೋಗಿ ನೋಡಲಿ: ಕೂಸು ಉಂಡು ಮುಗಿಯುವಷ್ಟರಲ್ಲಿ ಆಕೆಯ ಗಂಗಾಳದೊಳಗಿನ ರೊಟ್ಟಿಯು ಆರಿ ಸೆಟೆದಿರುತ್ತದೆ. ಬರುವ ಭಾನುವಾರದಿಂದ ಸಭೆಯ ಇಬ್ಬರು ಸಹೋದರಿಯರು ಉಣಿಸುವ ರೀತಿಯನ್ನು ಆಕೆಯಿಂದಲೇ ಕಲಿತುಕೊಂಡು, ಸರದಿಯ ಮೇಲೆ ಆ ಮನೆಗೆ ಹೋಗಲಿ. ಆಕೆಯೂ ಬಿಸಿ ಇರುವಾಗಲೇ ಉಣ್ಣಲಿ.